ಸ್ಟೀವಿಯಾ ಬಾಟ್ಲಿ, ರಾಯಚೂರು ಬಿಸಿಲು

ಸ್ಟೀವಿಯಾ (ಸಕ್ಕರಿ ಬದ್ಲಿಗೆ ಬಳಸೋ ಸಿಹಿ ಎಲಿ ಗಿಡ) ಬೀಜದಿಂದ ಬೆಳಸ್ತೀನಿ ಅಂತ ಹೊರಟವ್ರಿಗೆ ಮೊದ್ಲೇ ಹೇಳ್ತೀನಿ, ಬೀಜ ಭಾಳ ಕಮ್ಮಿ ಮೊಳಿತಾವ, ಮೊಳೆತ್ರೂ ಒಂದ್ ಗಿಡದಂಗ ಇನ್ನೊಂದು ಇರಂಗಿಲ್ಲ, ಅದಕ್ಕ ನಾನು ಟಿಶ್ಯೂ ಕಲ್ಚರ್ ಹಿಡಿದೆ, ಅಂದ್ರ ಗಿಡದ ಸಣ್ ತುಂಡನ್ನ ಬಾಟ್ಲಿಯಾಗ ಬೆಳಸಿ ಸಸಿ ಮಾಡೋದು.

ಗಿಣ್ಣು ಇರೋ ಕಾಂಡದ ತುಂಡು ತಗೊಂಡು, 0.1% ಮರ್ಕ್ಯುರಿಕ್ ಕ್ಲೋರೈಡ್‌ನ್ಯಾಗ (ರೋಗಾಣು ಕೊಲ್ಲೋ ಪಾದರಸದ ಔಷಧ) ಮೂರು ನಿಮಿಷ ಅದ್ದಿ, ಸ್ಟೆರೈಲ್ ನೀರಾಗ ಐದು ಸಲ ತೊಳ್ದು ಎಂಎಸ್ ಮೀಡಿಯಾಕ್ಕ (ಗಿಡಕ್ಕ ಬೇಕಾದ ಲವಣ, ವಿಟಮಿನ್ ಇರೋ ಆಹಾರ) ಹಾಕೋದು. ಪಿಎಚ್ 5.8, ಲೀಟರ್‌ಗೆ ಅದನ್ನ ಗಟ್ಟಿ ಮಾಡೋ ಅಗಾರ್ 8 ಗ್ರಾಂ, 30 ಗ್ರಾಂ ಸಕ್ಕರಿ. ಸಕ್ಕರಿ ಬ್ಯಾಡ ಅಂತ ಬೆಳಸೋ ಗಿಡಕ್ಕ ನಾವೇ ಸಕ್ಕರಿ ಉಣಸ್ಬೇಕು ನೋಡ್ರಿ, ಬಾಟ್ಲಿ ಒಳಗ ಅದು ತನಗ ಸಾಕಾಗೋಷ್ಟು ಊಟ ತಾನೇ ಮಾಡ್ಕೊಳಲ್ಲ. ಮೊದಲ್ನೇ ಬ್ಯಾಚು ಅರ್ಧ ಬೂಷ್ಟು ಹಿಡೀತು.

ಚಿಗುರು ಬರಸೋ ಹಾರ್ಮೋನ್ ಬಿಎಪಿ ಲೀಟರ್‌ಗೆ 0.5, 1, 2 ಮಿಗ್ರಾಂ ಹಾಕಿ ನೋಡ್ದೆ. 2ರಾಗ ಚಿಗುರು ಗುಂಪುಗುಂಪಾಗಿ ಬಂದ್ವು, ನಾನು ಖುಷಿಯಾದೆ, ಆಮೇಲೆ ನೋಡಿದ್ರ ಎಲ್ಲಾ ಗಿಡ್ಡ, ಗಾಜಿನಂಗ ನೀರು ತುಂಬ್ಕೊಂಡಿದ್ವು, ಬೇರಿಗೆ ಹಾಕಿದ್ರ ಉಳೀಲೇ ಇಲ್ಲ. ನನಗ 1 ಸಾಕಾತು. ಏಪ್ರಿಲ್‌ನ್ಯಾಗ ಒಂದ್ ರಾತ್ರಿ ಕರೆಂಟ್ ಹೋಗಿ ಎಸಿ ಬಂದ್ ಆತು, 25 ಡಿಗ್ರಿ ಇರ್ಬೇಕಾದ ರೂಮು ಬೆಳಿಗ್ಗೆ 34 ತೋರಿಸ್ತಿತ್ತು, ಬಾಟ್ಲಿ ಗೋಡಿಗೆಲ್ಲ ನೀರಿನ ಹನಿ. ಆ ವಾರ ಎಣಿಸೋಕೇ ಹೋಗ್ಲಿಲ್ಲ ನಾನು.

ನನಗ ತಲಿ ಕೆಡಿಸಿದ್ದು ಕ್ಯಾಲಸ್, ಅಂದ್ರ ಬೇರು ಚಿಗುರು ಇಲ್ಲದ ಜೀವಕೋಶದ ಮುದ್ದಿ. ಎಲಿ ತುಂಡಿಗೆ 2,4-ಡಿ ಅನ್ನೋ ಹಾರ್ಮೋನ್ ಕೊಟ್ಟು ಅರ್ಧ ಬಾಟ್ಲಿ ಕತ್ತಲಾಗ, ಅರ್ಧ 16 ತಾಸು ಬೆಳಕಿನಾಗ ಇಟ್ಟೆ. ಕತ್ತಲಾಗಿಂದು ಬೆಳ್ಳಗ, ಮೆತ್ತಗ, ಬೆಳೆದಿದ್ದೂ ಜೋರೇ, ಗಿಡಾನೇ ಬ್ಯಾಡ, ಬಾಟ್ಲಿಯಿಂದಾನೇ ಸಿಹಿ ತಗೀಬಹುದು ಅಂತ ಲೆಕ್ಕ ಹಾಕ್ದೆ. ಟಿಎಲ್‌ಸಿ ಪ್ಲೇಟ್ (ರಸದಾಗಿನ ಪದಾರ್ಥ ಬ್ಯಾರೆ ಮಾಡಿ ಕಲೆಯಾಗಿ ತೋರ್ಸೋದು) ಓಡಿಸಿದ್ರ ಎಲಿಯ ಸಾಲಿನಾಗ ಸಿಹಿ ಕೊಡೋ ಸ್ಟೀವಿಯೋಸೈಡ್ ಕಲೆ ಎದ್ದು ಕಾಣ್ತಿತ್ತು, ಕತ್ತಲ ಕ್ಯಾಲಸ್ ಸಾಲು ಖಾಲಿ, ಬೆಳಕಿಂದು ಇದ್ರ ಐತಿ ಇಲ್ಲಂದ್ರ ಇಲ್ಲ ಅನ್ನಂಗ. ಸಿಹಿ ತಯಾರಾಗೋದು ಶುರುವಾಗೋದೇ ಹಸಿರೆಲಿಯ ಕ್ಲೋರೋಪ್ಲಾಸ್ಟ್‌ನ್ಯಾಗ (ಜೀವಕೋಶದಾಗಿನ ಹಸಿರು ಕಣ), ಬಣ್ಣಾನೇ ಇಲ್ಲದ ಮುದ್ದಿಯಿಂದ ಏನ್ ಬರ್ಬೇಕು? (ಆ ಮುದ್ದಿ ಬಾಯಿಗ್ ಹಾಕಿ ನೋಡ್ಬ್ಯಾಡ್ರಿ ಮತ್ತ, ತುಂಡನ್ನ ಅದ್ದಿದ್ದು ಪಾದರಸದ ಔಷಧದಾಗ.)

ಬೇರು ಬಂದ ಸಸಿ ಕೋಕೋಪೀಟಿಗೆ ಹಾಕಿ ಮೇ ತಿಂಗಳಾಗ ನೆರಳುಪರದಿ ಕೆಳಗ ಇಟ್ಟೆ, ಮಧ್ಯಾಹ್ನಕ್ಕ ಎಲ್ಲಾ ಬಾಡಿದ್ವು. ಆಗಸ್ಟಿನಾಗ ಪ್ಲಾಸ್ಟಿಕ್ ಕವರ್ ಮುಚ್ಚಿ, ದಿನಾ ಒಂದೊಂದು ತೂತು ಮಾಡ್ತಾ ಹೋದೆ, ಉಳದ್ವು. ಡಿಸೆಂಬರ್‌ನ್ಯಾಗ ಹಗಲು ಸಣ್ಣದಾಗಿ ಸಣ್ ಗಿಡಾನೇ ಹೂ ಬಿಟ್ವು, ಹೂ ಬಿಟ್ಟ ಮ್ಯಾಲ ಎಲಿ ಬೆಳೆಯೋದು ನಿಂತಂಗೇ, ಈಗ ಸಂಜಿಗೆ ನಾಕು ತಾಸು ಬಲ್ಬ್ ಹಚ್ತೀನಿ.