ತೊಟ್ಟಿಲ ಕಾರ್ಯಕ್ಕೆ ಕೌದಿ: ಬಣ್ಣ ಬಿಡದಂತೆ ಮಾಡುವುದು ಹೇಗೆ?

ಕಲಬುರಗಿ ಕಡೆ ಕೂಸಿಗೆ ಕೌದಿ, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆ, ಕೊಡುವ ರೂಢಿ ಇನ್ನೂ ಇದೆ. ಈಗ ಮನೆಯಲ್ಲೇ ಬಟ್ಟೆಗೆ ಸಿಪ್ಪೆ, ಬೇರುಗಳ ನೈಸರ್ಗಿಕ ಬಣ್ಣ ಹಾಕಿ ಹೊಲಿಯುವವರೂ ಜಾಸ್ತಿಯಾಗಿದ್ದಾರೆ. ಹೊಲಿಗೆಯಲ್ಲಿ ಯಾರೂ ಸೋಲುವುದಿಲ್ಲ. ಮೊದಲ ಒಗೆತಕ್ಕೇ ಕೆಂಪು ಬಿಟ್ಟು ಬಿಳಿ ತುಂಡೆಲ್ಲ ಗುಲಾಬಿ ಆಗುತ್ತದೆ, ಸೋಲುವುದು ಅಲ್ಲಿ.

ಬಟ್ಟೆ ಅಪ್ಪಟ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಬೆರೆತಿದ್ದರೆ ಈ ಬಣ್ಣಗಳು ಸರಿಯಾಗಿ ಹಿಡಿಯುವುದಿಲ್ಲ. ಅರ್ಧ ಕಿಲೋ ಬಟ್ಟೆಯ ಲೆಕ್ಕ ಹೇಳುತ್ತೇನೆ.

ಹೊಸ ಬಟ್ಟೆಯಲ್ಲಿ ಗಂಜಿ, ಜಿಡ್ಡು ಇರುತ್ತವೆ. ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಬಟ್ಟೆಯ ಕೊಳೆ. ಹಿಂಡಿ ಒಣಗಿಸಿ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಸರಿ. ಹನಿ ಮಣಿಯಂತೆ ನಿಂತರೆ ಮತ್ತೆ ಕುದಿಸಿ.

ಮುಂದಿನದೇ ಎಲ್ಲರೂ ಹಾರಿಸುವ ಹಂತ. 75 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿಗೆ ಕಲಸಿ, ಬಟ್ಟೆಯನ್ನು ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹಿಂಡಿ, ತೊಳೆಯದೆ, 75 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಇನ್ನೊಂದು ರಾತ್ರಿ ಇಡಿ. ಅಳಲೆಯ ಒಗರು ಹತ್ತಿಗೆ ಅಂಟಿಕೊಳ್ಳುತ್ತದೆ, ಪಟಿಕ ಒಗರಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ. ಮಧ್ಯದ ಕೊಂಡಿ ತಪ್ಪಿದರೆ ಬಣ್ಣ ನಿಲ್ಲುವುದಿಲ್ಲ. ಉಪ್ಪು, ವಿನೆಗರ್ ಹಾಕಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಈ ಬಣ್ಣಗಳಿಗೆ ಅದರಿಂದ ಏನೂ ಆಗದು. ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲಿಯಲ್ಲಿ ಬಣ್ಣ ಮಂಕಾಗುತ್ತದೆ.

ಹಳದಿಗೆ ಬಟ್ಟೆಯಷ್ಟೇ ತೂಕದ ಒಣ ದಾಳಿಂಬೆ ಸಿಪ್ಪೆ ಕುದಿಸಿ, ಸೋಸಿ, ಬಟ್ಟೆ ಮುಳುಗಿಸಿ. ಕೆಂಪಿಗೆ ಆಯುರ್ವೇದ ಸಾಮಾನಿನ ಅಂಗಡಿಯಿಂದ ಮಂಜಿಷ್ಠ ಎಂಬ ಬೇರು ತನ್ನಿ. ಅದನ್ನು ಮಾತ್ರ ಕುದಿಸಬೇಡಿ, ಕಂದು ಬಣ್ಣಕ್ಕೆ ತಿರುಗಬಹುದು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕು. ನಮ್ಮ ಗಡಸು ಬೋರ್ ನೀರನ್ನು ಬೈಯುತ್ತೇವೆ, ಅಲ್ವಾ? ಮಂಜಿಷ್ಠಕ್ಕೆ ಅದೇ ಒಳ್ಳೆಯದು, ಸುಣ್ಣದ ಅಂಶಕ್ಕೆ ಕೆಂಪು ಗಾಢವಾಗುತ್ತದೆ. ಅರಿಶಿನ ಮಾತ್ರ ಬೇಡವೇ ಬೇಡ. ಬಿಸಿಲಿಗೆ ಹಾರಿಹೋಗುತ್ತದೆ, ಸೋಪು ತಾಗಿದರೆ ಓಕುಳಿ ನೀರಿನ ಹಾಗೆ ಕೆಂಪಾಗುತ್ತದೆ. ಪೇಟೆಯಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಬಣ್ಣದ ಪುಡಿಯೂ ಕೂಸಿನ ಬಟ್ಟೆಗೆ ಬೇಡ.

ನೆರಳಲ್ಲಿ ಒಣಗಿಸಿ. ಒಂದು ವಾರ ಸುಮ್ನೆ ಬಿಟ್ಟು ಆಮೇಲೆ ಒಗೆಯಿರಿ, ನೀರು ತಿಳಿಯಾಗುವ ತನಕ. ಹೊಲಿಯುವ ಮೊದಲು ಪರೀಕ್ಷೆ ಮಾಡಿ. ಬಣ್ಣದ ಒಂದು ಚೂರು, ಬಿಳಿ ಹತ್ತಿಯ ಒಂದು ಚೂರು ಜೋಡಿಸಿ ಹೊಲಿದು, ಬೆಚ್ಚನೆ ಸೋಪಿನ ನೀರಲ್ಲಿ ಅರ್ಧ ತಾಸು ನೆನೆಸಿ, ಹಸಿ ಇರುವಾಗಲೇ ಮಡಚಿ ಒಂದು ರಾತ್ರಿ ಇಡಿ. ಬಿಳಿ ಬಿಳಿಯಾಗೇ ಉಳಿದರೆ ಕತ್ತರಿ ಹಿಡಿಯಬಹುದು. ಕಲೆ ಆದರೆ ಆ ಬಟ್ಟೆ ಕೌದಿಗೆ ಬೇಡ, ಎಷ್ಟೇ ಚಂದ ಇದ್ದರೂ.

ಹೊಲಿಗೆ ಸುಲಭ. ತುಂಡುಗಳನ್ನು ಜೋಡಿಸಿ, ಒಳಗೆ ಹಳೆಯ ಮೆತ್ತನೆ ಸೀರೆಯ ಒಂದೆರಡು ಪದರ ಹಾಕಿ, ಅಂಚಿನಿಂದ ಸುತ್ತುತ್ತಾ ನಡುವಿನವರೆಗೆ ಹತ್ತಿ ದಾರದಲ್ಲಿ ಉದ್ದ ಹೊಲಿಗೆ ಹಾಕಿ. ದಪ್ಪನೆಯ ಹತ್ತಿ ತುಂಬಬೇಡಿ, ನಮ್ಮ ಬೇಸಿಗೆಗೆ ಅದು ಯಾರಿಗೆ ಬೇಕು?

ಕೌದಿ ಕೊಡುವಾಗ ಬಾಣಂತಿಯ ಮನೆಯವರಿಗೆ ಹೇಳಿಬಿಡಿ: ಬ್ಲೀಚ್ ಹಾಕಬೇಡಿ, ಬಿಸಿಲಿಗೆ ಹಾಕುವಾಗ ಒಳಮೈ ಹೊರಗೆ ಮಾಡಿ, ಮೊದಲ ಎರಡು ಸಲ ಬೇರೆಯಾಗಿ ಒಗೆಯಿರಿ.