ಉಡ ಬುಸುಗುಟ್ಟಿದರೆ ಗಾಬರಿ ಬೇಡ, ಸುಮ್ಮನಾದರೆ ಎಚ್ಚರ

ಕಬ್ಬಿನ ಕಟಾವು ಶುರುವಾದರೆ ಮಂಡ್ಯದ ಕಡೆ ಉಡ ಕಣ್ಣಿಗೆ ಬೀಳುವುದು ಜಾಸ್ತಿ. ಗದ್ದೆಯಿಂದ ಎದ್ದು ಕೊಟ್ಟಿಗೆಗೋ ಪಂಪ್‌ಸೆಟ್ ಮನೆಗೋ ನುಗ್ಗುತ್ತದೆ. ಜನ ಗೋಣಿಚೀಲ ಎಸೆದು ಹಿಡಿದು, ಡ್ರಮ್ಮಿಗೆ ಹಾಕಿ, ಮೇಲೆ ಕಲ್ಲು ಹೇರಿ, ಆಮೇಲೆ ಪ್ರಾಣಿ ರಕ್ಷಣೆಯ ಕೆಲಸ ಮಾಡುವ ನಮಗೆ ಫೋನ್ ಮಾಡುತ್ತಾರೆ. ಇಂಥ ಕರೆಗಳಿಗೆ ಓಡಾಡುವಾಗ ನಾನು ನೋಡುವ ತಪ್ಪು ಒಂದೇ. ಅದು ಬುಸ್ ಅಂದಾಗ 'ಕಚ್ಚೋಕೆ ಬಂತು' ಅಂತ ಕೋಲು ಎತ್ತುತ್ತಾರೆ. ಸುಮ್ಮನಾದಾಗ 'ಪಾಪ, ಸಾಧು ಆಯ್ತು' ಅಂತ ಕೈ ಹಾಕುತ್ತಾರೆ. ಎರಡೂ ಉಲ್ಟಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಡವನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಅದು ಇದೆ, ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಹಾಗಾಗಿ ಇದು ರಕ್ಷಣಾ ಕೇಂದ್ರದಲ್ಲಿ ಕೈಜೋಡಿಸುವವರಿಗೆ, ಮೃಗಾಲಯದಲ್ಲಿ ನಿಂತು ನೋಡುವವರಿಗೆ, ಮತ್ತು ಮನೆಯ ಮೂಲೆಯಲ್ಲಿ ಉಡ ಕಂಡು ಏನು ಮಾಡುವುದು ಅಂತ ತಿಳಿಯದೆ ನಿಂತವರಿಗೆ ಬರೆದದ್ದು.

ಮೊದಲ ಕೆಲಸ, ಹತ್ತು ಅಡಿ ದೂರ ನಿಲ್ಲಿ. ದೊಡ್ಡ ಉಡ ಮೂತಿಯಿಂದ ಬಾಲದ ತುದಿಯವರೆಗೆ ಐದು ಅಡಿಗೂ ಜಾಸ್ತಿ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ.

ಎರಡನೆಯದು ಮೈ ಓದುವುದು. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ನಾಲಿಗೆಯಿಂದ ಶುರು ಮಾಡಿ. ಸೀಳು ನಾಲಿಗೆ ಒಳಗೆ ಹೊರಗೆ ಆಡುತ್ತಿದ್ದರೆ ಅದು ನಿಮ್ಮ ವಾಸನೆ ಹಿಡಿಯುತ್ತಿದೆ, ನೀವು ಯಾರು ಅಂತ ವಿಚಾರಿಸುತ್ತಿದೆ ಅಷ್ಟೇ. ಆಮೇಲೆ ಗಂಟಲು. ಹೆದರಿದ ಉಡ ಗಂಟಲನ್ನು ಚೀಲದ ಹಾಗೆ ಉಬ್ಬಿಸುತ್ತದೆ, ತಲೆ ಎರಡರಷ್ಟು ಕಾಣುತ್ತದೆ. ಉಸಿರು ತುಂಬಿಕೊಂಡು ಮೈ ಊದಿಸುತ್ತದೆ, ಕುಕ್ಕರಿನ ಹಬೆಯ ಹಾಗೆ ಬುಸುಗುಟ್ಟುತ್ತದೆ, ಪಕ್ಕೆ ಚಪ್ಪಟೆ ಮಾಡಿ ಮೈಯ ಅಗಲವನ್ನು ನಿಮ್ಮ ಕಡೆ ತಿರುಗಿಸುತ್ತದೆ. ಕೆಲವು ಹಿಂಗಾಲಿನ ಮೇಲೆ ಎದ್ದೇ ನಿಂತುಬಿಡುತ್ತವೆ. ಇಷ್ಟೂ ಬೆದರಿಕೆಯೇ. 'ನಾನು ದೊಡ್ಡವನು, ದೂರ ಹೋಗು' ಅನ್ನುತ್ತಿದೆ. ನೀವು ಎರಡು ಹೆಜ್ಜೆ ಹಿಂದೆ ಸರಿದರೆ ಉಸಿರು ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಬಾಲ ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗಿದರೆ ಮಾತ್ರ ನಿಲ್ಲಿ. ಅದು ಗೆರೆ. ದಾಟಿದರೆ ಚಾಟಿ ಏಟು ಬೀಳುತ್ತದೆ. ಬಾಲ ಹಿಡಿದು ಎಳೆಯುವವರಿಗೂ ಇಲ್ಲೇ ಒಂದು ಮಾತು: ಮನೆ ಹಲ್ಲಿಯ ಹಾಗೆ ಉಡ ಬಾಲ ಕಳಚಿಕೊಂಡು ಓಡುವುದಿಲ್ಲ, ತುಂಡಾದರೆ ಮತ್ತೆ ಬೆಳೆಯುವುದೂ ಇಲ್ಲ.

ಕೊನೆಗೆ ಮೌನ. ಬುಸುಗುಟ್ಟುವುದು ನಿಂತಿದೆ, ನಾಲಿಗೆ ಒಳಗೇ ಇದೆ, ಕುತ್ತಿಗೆ ಹಿಂದಕ್ಕೆ ಬಾಗಿದೆ, ಕಣ್ಣು ನಿಮ್ಮ ಕೈಯ ಮೇಲಿದೆ. ನಾನು ಕಂಡ ಕಡಿತಗಳು ಬಹುಪಾಲು ಈ ಗಳಿಗೆಯಲ್ಲಿ ಆದವು. ಬೆದರಿಕೆ ನಡೆಯಲಿಲ್ಲ, ಓಡಲು ದಾರಿ ಇಲ್ಲ, ಉಳಿದದ್ದು ಬಾಯಿ ಒಂದೇ. ಹಲ್ಲು ಒಳಕ್ಕೆ ಬಾಗಿರುವುದರಿಂದ ಕೈ ಎಳೆದಷ್ಟೂ ಹರಿಯುತ್ತದೆ. ಉಡದ ಪಟ್ಟು ಅನ್ನುವುದು ಸುಮ್ನೆ ಬಂದ ಮಾತಲ್ಲ. ಕಚ್ಚಿದರೆ ಎಳೆದಾಡದೆ ಅದರ ಕಾಲು ನೆಲಕ್ಕೆ ತಾಗಿಸಿ ನಿಲ್ಲಿ, ಓಡುವ ದಾರಿ ಕಂಡರೆ ಬಿಡುತ್ತದೆ. ಗಾಯವನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ತಪ್ಪಿಸಬೇಡಿ.

ಚಳಿಗಾಲದ ಬೆಳಿಗ್ಗೆ ಇನ್ನೂ ಹುಷಾರಾಗಿರಿ. ಮೈ ತಣ್ಣಗಿದ್ದಾಗ ಉಡಕ್ಕೆ ಓಡಲು ಆಗುವುದಿಲ್ಲ, ಹಾಗಾಗಿ ನಿಂತಲ್ಲೇ ಹೆದರಿಸುತ್ತದೆ. ಅದೇ ಉಡ ಮಧ್ಯಾಹ್ನ ಬಿಸಿಲು ಕಾದ ಮೇಲೆ ನಿಮ್ಮ ನೆರಳು ಕಂಡರೂ ಪರಾರಿ. ಬೆಳಿಗ್ಗೆ ನೋಡಿ 'ಇದು ಭಾರೀ ಕೋಪದ್ದು' ಅಂತ ತೀರ್ಮಾನ ಮಾಡಬೇಡಿ.

ಸಲಕರಣೆ ವಿಷಯಕ್ಕೆ ಬಂದರೆ, ತೋಟದ ತೆಳು ಕೈಗವಸು ದಂಡ. ಹಾವು ಹಿಡಿಯುವ ಅಗ್ಗದ ಇಕ್ಕಳ ಪಕ್ಕೆಲುಬು ಮುರಿಯುತ್ತದೆ, ಅದನ್ನು ಮುಟ್ಟಲೇಬೇಡಿ. ಕೆಲಸ ಗೊತ್ತಿದ್ದವರ ಕೈಯಲ್ಲಿ ಒಂದು ದಪ್ಪ ಟವೆಲ್ ಸಾಕು, ಕಣ್ಣು ಮುಚ್ಚಿದರೆ ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಇನ್ನು 'ಹಾತಾ ಜೋಡಿ' ಅಂತ ಅದೃಷ್ಟದ ಬೇರು ಮಾರುತ್ತಾರಲ್ವಾ, ಅದು ಬೇರಲ್ಲ. ಗಂಡು ಉಡವನ್ನು ಕೊಂದು ಕತ್ತರಿಸಿ ಒಣಗಿಸಿದ ಜನನಾಂಗ. ದಯವಿಟ್ಟು ಕೊಳ್ಳಬೇಡಿ.

ಮೂರನೆಯದು, ರಕ್ಷಣಾ ಕೇಂದ್ರದಲ್ಲಿ ಎರಡು ಉಡ ಒಂದೇ ಗೂಡಿನಲ್ಲಿದ್ದಾಗ ಯಜಮಾನ ಯಾರು ಅಂತ ಗುರುತಿಸುವುದು. ಗಂಡುಗಳು ಹಿಂಗಾಲಿನ ಮೇಲೆ ನಿಂತು, ಹೆಗಲು ತಬ್ಬಿ, ಗರಡಿಯ ಜಟ್ಟಿಗಳ ಹಾಗೆ ಒಂದನ್ನೊಂದು ಕೆಡವುತ್ತವೆ. ಕಾಡಿನಲ್ಲಾದರೆ ಸೋತದ್ದು ಓಡಿಹೋಗುತ್ತದೆ. ಗೂಡಿನಲ್ಲಿ ಎಲ್ಲಿಗೆ ಓಡುತ್ತದೆ? ಆದ್ದರಿಂದ ಜಗಳ ಹುಡುಕಬೇಡಿ, ಮೈ ಕಾಯಿಸಿಕೊಳ್ಳಲು ಇಟ್ಟ ಬಿಸಿ ಕಲ್ಲು ನೋಡಿ. ದಿನಾ ಒಂದೇ ಉಡ ಅಲ್ಲಿ ಮಲಗಿದೆಯಾ? ಊಟಕ್ಕೆ ಒಂದೇ ಮುಂದೆ ಬರುತ್ತದೆಯಾ? ಇನ್ನೊಂದು ಹೆಂಚಿನ ಅಡಿಯಿಂದ ಏಳುವುದೇ ಇಲ್ಲವಾ? ಹಾಗಾದರೆ ದೊರೆತನ ಆಗಲೇ ತೀರ್ಮಾನವಾಗಿದೆ. ಬಿಸಿಲು ಕಾಯದ ಉಡಕ್ಕೆ ತಿಂದದ್ದೂ ಅರಗುವುದಿಲ್ಲ. ಒಂದು ಕಡೆ ಹೀಗೆ ಒಂದು ಸಣ್ಣ ಉಡವನ್ನು 'ನಾಚಿಕೆ ಸ್ವಭಾವದ್ದು' ಅಂತ ವಾರಗಟ್ಟಲೆ ಬಿಟ್ಟಿದ್ದರು. ನಾನು ನೋಡುವ ಹೊತ್ತಿಗೆ ಬಾಲದ ಬುಡದ ಮೂಳೆ ಎದ್ದು ಕಾಣುತ್ತಿತ್ತು. ಬೇರೆ ಗೂಡಿಗೆ ಹಾಕಿದ ಮೂರನೇ ದಿನ ಬಾಯಿ ತುಂಬ ತಿಂದಿತು. ಎರಡು ಬಿಸಿ ಕಲ್ಲು, ಎರಡು ಅಡಗುತಾಣ ಇಟ್ಟರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಗೂಡಿಗೆ ಒಂದೇ ಉಡ.

ಮೈಸೂರು ಮೃಗಾಲಯದ ಸರೀಸೃಪಗಳ ಮನೆಗೆ ಹೋದಾಗ ಗಾಜು ತಟ್ಟಬೇಡಿ. ಒಳಗಿರುವ ಜೀವಕ್ಕೆ ಹಿಂದೆ ಸರಿಯಲು ಜಾಗ ಇರುವುದೇ ಅಷ್ಟು.

ನಿಮ್ಮ ಮನೆಯಲ್ಲೇ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬಿಸಿಲಲ್ಲಿ ಮುಚ್ಚಿದ ಡ್ರಮ್ಮು ಅದನ್ನು ಬೇಯಿಸಿಬಿಡುತ್ತದೆ, ಹಿಡಿದು ಹಾಕಬೇಡಿ. ನಾಯಿ ಕಟ್ಟಿ, ಗದ್ದೆ ಕಡೆಯ ಬಾಗಿಲು ತೆಗೆದು, ಎಲ್ಲರೂ ಇನ್ನೊಂದು ಕಡೆ ಸರಿದು ನಿಲ್ಲಿ. ಅರ್ಧ ಗಂಟೆ ಹಿಡಿಯಬಹುದು. ಮೊದಲು ನಾಲಿಗೆ ಆಡಲು ಶುರುವಾಗುತ್ತದೆ, ಆಮೇಲೆ ಗಂಟಲು ಇಳಿಯುತ್ತದೆ. ಆಗ ಮೊಬೈಲ್ ಹಿಡಿದು ಬಾಗಿಲಿಗೆ ಅಡ್ಡ ಬರಬೇಡಿ, ಅದು ಹೊರಡುತ್ತಿದೆ.