ಒದ್ದೆ ಮಣ್ಣಿನಲ್ಲಿ ಆರ್‌ಸಿ ರ‍್ಯಾಲಿ ಕಾರಿನ ಚಕ್ರಗಳ ನಡುಕ: ನನ್ನ ಅನುಭವ

ರಿಮೋಟ್‌ನಿಂದ ಓಡಿಸುವ (ಆರ್‌ಸಿ), ನಿಜ ಕಾರಿನ 1/10 ಅಳತೆಯ ನನ್ನ ರ‍್ಯಾಲಿ ಕಾರು ಒದ್ದೆ ಮಣ್ಣಿನಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ, ವೇಗ ಹೆಚ್ಚಿಸಿದಾಗಲೆಲ್ಲ ಜೋರಾಗಿ ನಡುಗುತ್ತಿತ್ತು. ಮೃದು ರಬ್ಬರಿನ ಟೈರ್, ಹೊಸ ಬೇರಿಂಗ್, ಶಾಕ್ ಅಬ್ಸಾರ್ಬರ್‌ಗೆ ಹಾಕುವ ದಪ್ಪನೆಯ ಎಣ್ಣೆ (ಶಾಕ್ ಆಯಿಲ್) ಯಾವುದೂ ಫಲಿಸಲಿಲ್ಲ. ಕೊನೆಗೆ ಟೈರನ್ನು ಬೆರಳಿನಿಂದ ಒತ್ತಿದಾಗ ರಿಮ್ಮಿನ ಗಾಳಿರಂಧ್ರದಿಂದ ಕೆಸರುನೀರು ಚಿಮ್ಮಿತು. ಟೈರಿನೊಳಗೆ ತುಂಬಿರುವ ಸ್ಪಂಜಿನಂಥ ಫೋಮ್ ನೀರು ಹೀರಿ ಒಂದು ಬದಿಗೆ ಭಾರವಾಗಿತ್ತು.

ಒಳಹೊಕ್ಕ ನೀರು ಹೊರಹೋಗಲು, ಟೈರನ್ನು ರಿಮ್ಮಿಗೆ ಅಂಟಿಸುವ ಮೊದಲೇ, ಟೈರಿನ ಹೊರಮೈಯ ನಡುಭಾಗದಲ್ಲಿ ಗುಬುಟುಗಳ (ಉಬ್ಬುಗಳ) ನಡುವೆ, ಒಂದಕ್ಕೊಂದು ನೇರ ಎದುರಾಗಿ 3 ಮಿ.ಮೀ. ಅಗಲದ ಎರಡು ರಂಧ್ರಗಳನ್ನು ಪಂಚ್‌ನಿಂದ ಕೊರೆಯಬೇಕು, ಏಕೆಂದರೆ ಚಕ್ರ ತಿರುಗುವಾಗ ನೀರು ಹೊರಮುಖವಾಗಿಯೇ ಎಸೆಯಲ್ಪಡುತ್ತದೆ. ಕಾದ ಸೂಜಿಯಿಂದ ಚುಚ್ಚಿದ ರಂಧ್ರ ಸಣ್ಣದಾಗಿ ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಬಳಿಕ ರಿಮ್ಮಿನ ರಂಧ್ರಗಳನ್ನು ಗಟ್ಟಿ ಟೇಪಿನಿಂದ ಮುಚ್ಚಿ, ನೀರು ಹೀರದ ಫೋಮ್ ತೊಡಿಸಿ, ಟೈರಿನ ಅಂಚು ರಿಮ್ಮಿನ ತೋಡಿನಲ್ಲಿ ಸುತ್ತಲೂ ಸಮನಾಗಿ ಕುಳಿತಿದೆಯೇ ಎಂದು ನೋಡಿಕೊಂಡು, ಸೂಪರ್‌ಗ್ಲೂ ಹನಿಸಬೇಕು. ನಾಲ್ಕೂ ಚಕ್ರಗಳಿಗೆ ಹೀಗೆ ಮಾಡಿದ ಮೇಲೆ ನಡುಕ ನಿಂತಿದೆ.